ಮನೆ ಮಾಲಕರ ಮಗಳಿಗೆ ಆ ಭಾಷಣ ಕಲಿಸಿದ್ದು

ನಾನು ಸುಳ್ಳು ಹೇಳಲಿಲ್ಲ, ನಕ್ಕೆ. ಅಷ್ಟೇ ನಾನು ಮಾಡಿದ ತಪ್ಪು. ಜಮಖಂಡಿಯಲ್ಲಿ ಬಾಡಿಗೆ ಮನೆ ಹುಡುಕುತ್ತ ಐದನೆಯ ಬಾಗಿಲಿಗೆ ಹೋದಾಗ ಆ ಮನೆಯ ಯಜಮಾನತಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮಾತ ಕೇಳಿದ್ರ ಗೊತ್ತಾಕ್ಕೈತಿ ಬಿಡ್ರಿ ಅಕ್ಕೋರ, ನೀವು ನಮ್ಮ ಪೈಕಿನ ಇರಬೇಕು" ಎಂದರು. ಶಾಲೆ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ನಾನು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ನಕ್ಕೆ. ಅವರು ಕೀಲಿ ಕೊಟ್ಟರು.

ಮೊದಲಿನ ನಾಲ್ಕು ಮನೆಗಳಲ್ಲಿ "ಯಾ ಮಂದಿ ನೀವು?" ಎಂದು ನೇರವಾಗಿ ಕೇಳಿದ್ದರು. ನಾನೂ ನೇರವಾಗಿಯೇ ಹೇಳಿದ್ದೆ, ಬೀಳಗಿ ಕಡೆಯ ಹಳ್ಳಿಯವರು, ಊರ ಹೊರಗಿನ ಕೇರಿಯವರು ಎಂದು. ಒಂದು ಮನೆ ಆಗಲೇ ಬೇರೆಯವರಿಗೆ ಹೋಗಿತ್ತಂತೆ. ಇನ್ನೊಂದರಲ್ಲಿ ಮಗನ ಮದುವೆಯಂತೆ. ಉಳಿದಿಬ್ಬರು ನೆಪ ಹುಡುಕುವ ತ್ರಾಸನ್ನೂ ತೆಗೆದುಕೊಳ್ಳಲಿಲ್ಲ. ಅದಕ್ಕೂ ಮೊದಲು ಮುಧೋಳದಲ್ಲಿದ್ದಾಗ ಮಾಲಕರಿಗೆ ನಮ್ಮ ಜಾತಿ ತಡವಾಗಿ ಗೊತ್ತಾಗಿ, ಒಂದು ಬೆಳಿಗ್ಗೆ ನಮ್ಮ ನಳದಲ್ಲಿ ಮಾತ್ರ ನೀರು ನಿಂತಿತ್ತು. ಹದಿನೈದು ದಿನ ಅವ್ವ ಮೊಣಕಾಲು ಹಿಡಿದುಕೊಂಡು ಕೊಡ ಹೊತ್ತಳು. ಆಮೇಲೆ ಅದೇ ಮೊಣಕಾಲಿಗೆ ಆಪರೇಷನ್ ಆಯಿತು. ಹಾಗಾಗಿ ದವಾಖಾನೆಗೆ ಹತ್ತಿರದ, ಮೆಟ್ಟಿಲಿಲ್ಲದ, ನೀರು ಒಳಗೇ ಬರುವ ಮನೆ ಬೇಕಾಗಿತ್ತು. ಈ ಮನೆಗೆ ಮೂರೂ ಇದ್ದವು. ಇದನ್ನೂ ಕಳೆದುಕೊಂಡರೆ ಅವ್ವನನ್ನು ಕರೆದುಕೊಂಡು ಎಲ್ಲಿಗೆ ಹೋಗುವುದೋ ನನಗೆ ಗೊತ್ತಿರಲಿಲ್ಲ.

ಹಾಗೆ ನಕ್ಕ ನಗುವನ್ನು ಐದು ತಿಂಗಳು ಕಾಪಾಡಿಕೊಳ್ಳಬೇಕಾಯಿತು. ಮನೆಯಲ್ಲಿ ಒಂದು ಮೊಟ್ಟೆ ಸಹ ಒಡೆಯಲಿಲ್ಲ. ನಮ್ಮ ಕೇರಿಯ ಪ್ರತಿ ಮನೆಯ ಗೋಡೆಯ ಮೇಲೂ ಇರುವ ನೀಲಿ ಕೋಟಿನವರ ಫೋಟೋ ನಮ್ಮ ಟ್ರಂಕಿನಲ್ಲಿ ಸೀರೆಗಳ ನಡುವೆ ಮಲಗಿತು. ಸೋದರಮಾವ ಅವ್ವನನ್ನು ನೋಡಲು ಬಂದರೆ ನಾನು ಅವನನ್ನು ಬಸ್ ಸ್ಟ್ಯಾಂಡಿನಲ್ಲೇ ಕೂಡಿಸಿ, ಚಹಾ ಕುಡಿಸಿ, ಅವ್ವನನ್ನೇ ಆಟೋದಲ್ಲಿ ಅಲ್ಲಿಗೆ ಕರೆದೊಯ್ಯುತ್ತಿದ್ದೆ. ಅವನು ಬಡವ, ಆದರೆ ದಡ್ಡನಲ್ಲ. "ಮನಿ ಬಾಳ ದೂರ ಐತೇನ ಬೇ?" ಎಂದು ಒಮ್ಮೆ ಕೇಳಿ ಸುಮ್ಮನಾದ. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಓಣಿಯಲ್ಲಿ ಯಾರೋ ಯಾರಿಗೋ "ಎಂಥಾ ಮಂದೀನರ ಇಟಗೊಂಡಾರ" ಎಂದರೂ ಸಾಕು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ ನನ್ನದು. ಅವರು ಮಾತಾಡುತ್ತಿದ್ದದ್ದು ಎಮ್ಮೆ ಕಟ್ಟಿಕೊಂಡಿದ್ದ ಬಾಡಿಗೆದಾರರ ಬಗ್ಗೆ ಎಂದು ಸಂಜೆ ತಿಳಿಯುತ್ತಿತ್ತು. ಅಷ್ಟರಲ್ಲಿ ನನ್ನ ಒಂದು ದಿನದ ಊಟ ಹೋಗಿರುತ್ತಿತ್ತು.

ಅವ್ವನಿಗೆ ನಾನೇ ಪಾಠ ಮಾಡಿದ್ದೆ. "ಯಾರರ ಬಂದ್ರ ನೀ ಹೊರಗ ಬರಬ್ಯಾಡ ಬೇ. ಬಾಳ ಮಾತಾಡಬ್ಯಾಡ." ಅವ್ವ ತಲೆ ಅಲ್ಲಾಡಿಸುತ್ತಿದ್ದಳು. ಕೊಡುವ ತೆಗೆದುಕೊಳ್ಳುವ ವ್ಯವಹಾರವೆಲ್ಲ ನನ್ನದೇ.

ಮಾಲಕರ ಮಗಳು ಹತ್ತನೆಯ ಇಯತ್ತೆಯಲ್ಲಿದ್ದಳು, ಇಂಗ್ಲಿಷ್ ಮೀಡಿಯಂ. ಅಪ್ಪನದು ಸೀರೆ ವ್ಯಾಪಾರ, ದಿನವೂ ರಬಕವಿ-ಬನಹಟ್ಟಿಗೆ ಹೋಗಿ ಬರುತ್ತಿದ್ದರು. ನಾನು ಹುನ್ನೂರು ದಾಟಿ ಒಂದು ಹಳ್ಳಿಯ ಸರಕಾರಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು ಎಂದು ತಿಳಿದ ಮೇಲೆ ಹುಡುಗಿ ಸಂಜೆ ಐದೂವರೆಗೆ ಪುಸ್ತಕ ಹಿಡಿದು ಬರತೊಡಗಿದಳು. ಬಾಯಿಬಡಕಿ. ಆದರೆ ಒಳ್ಳೆ ಚುರುಕು. ನನಗೆ ಅವಳ ಮೇಲೆ ಜೀವ. ಅದನ್ನೂ ಹೇಳಿಬಿಡುತ್ತೇನೆ.

ಒಂದು ದಿನ ಅವಳು ತೆರೆದ ಪಾಠ ನೋಡಿ ನನ್ನ ಎದೆ ಧಸಕ್ಕೆಂದಿತು. ಅಮೆರಿಕದಲ್ಲಿ ಕಪ್ಪು ಜನರ ಹಕ್ಕಿಗಾಗಿ ಅವರ ನಾಯಕನೊಬ್ಬ, ಅರವತ್ತು ವರ್ಷದ ಹಿಂದೆ, ಲಕ್ಷಗಟ್ಟಲೆ ಮಂದಿಯ ಎದುರು ನಿಂತು ಮಾಡಿದ ಭಾಷಣ. ಜಗತ್ತಿಗೇ ಗೊತ್ತಿರುವ ಭಾಷಣ ಅದು. ಬಿ.ಎಡ್. ಓದುವಾಗ ಲೈಬ್ರರಿಯಲ್ಲಿ ಅದನ್ನು ಓದಿ ನಾನು ಅತ್ತಿದ್ದೆ. ಈಗ ಅದನ್ನು ಈ ಮನೆಯಲ್ಲಿ ಕುಳಿತು, ನನ್ನ ಗಂಟಲು ಏರದಂತೆ, ಕಣ್ಣು ಒದ್ದೆಯಾಗದಂತೆ, ಯಾರದೋ ಕತೆ ಎಂಬಂತೆ ಹೇಳಬೇಕು. ನಾಳೆ ಮಾಡೋಣ ಎಂದೆ. ಮರುದಿನ ಮತ್ತೆ ನಾಳೆ ಎಂದೆ. ಮೂರನೆಯ ದಿನ ಅವಳು, "ಟೆಸ್ಟ್ ಐತ್ರಿ ಅಕ್ಕೋರ, ನೀವು ಯಾಕ ಇದಕ್ಕಷ್ಟ ಹಿಂದ ಸರ್ಯಾಕತ್ತೀರಿ?" ಎಂದಳು. ಪುಸ್ತಕ ಎಳೆದುಕೊಂಡು ಶುರು ಮಾಡಿದೆ.

ಮೊದಲಿಗೆ ಅವಳ ತಕರಾರು ಭಾಷೆಯ ಬಗ್ಗೆ. ಒಂದೇ ವಾಕ್ಯದಿಂದ ಮತ್ತೆ ಮತ್ತೆ ಶುರುವಾಗುವ ಸಾಲುಗಳಿಗೆ ಪೆನ್ಸಿಲಿನಿಂದ ಸುತ್ತು ಹಾಕಿ, "ಹೇಳಿದ್ದ ಹೇಳ್ತಾನಲ್ರಿ ಇಂವ. ನಾವು ಹಿಂಗ ಬರದ್ರ ನಮ್ಮ ಮಿಸ್ ಮಾರ್ಕ್ಸ್ ಕಟ್ ಮಾಡ್ತಾರ" ಎಂದಳು.

"ನಿಮ್ಮವ್ವ ಹಾಲಿನವಗ ಹೆಂಗ ಬೈತಾರ ಹೇಳ ನೋಡೂಣ" ಎಂದೆ.

ಅವಳು ಎದ್ದು ನಿಂತು, ಸೊಂಟಕ್ಕೆ ಕೈಕೊಟ್ಟು ತಾಯಿಯ ದನಿ ತೆಗೆದಳು. "ನೀರ ಹಾಕ್ಕೊಂಡ ಬಂದಿ, ಸುಮ್ನಿದ್ನಿ. ತಡಾ ಮಾಡಿ ಬಂದಿ, ಸುಮ್ನಿದ್ನಿ. ಹಬ್ಬದ ದಿನ ಬರಲೇ ಇಲ್ಲ, ಸುಮ್ನಿದ್ನಿ..." ನಗುತ್ತ ನಗುತ್ತ ಅರ್ಧಕ್ಕೆ ನಿಂತಳು. "ನಾಕನೇದಕ್ಕ ಸುಮ್ನಿರೂದಿಲ್ರಿ ನಮ್ಮವ್ವ."

"ಹಾಂ. ಅಂವನೂ ಅದನ್ನ ಮಾಡಾಕತ್ತಾನ. ಎಷ್ಟ ಸಲ ತಡಕೊಂಡೇವಿ ಅನ್ನೂದನ್ನ ಮಂದಿ ಕಿವಿಗಿ ಹಾಕಾಕತ್ತಾನ."

ಅದು ಅವಳಿಗೆ ಥಟ್ಟನೆ ಹಿಡಿಯಿತು. ದೇಶ ತನ್ನ ಕಪ್ಪು ಮಕ್ಕಳಿಗೆ ಕೊಟ್ಟ ಮಾತು ಬ್ಯಾಂಕಿನಿಂದ ವಾಪಸು ಬಂದ ಚೆಕ್ಕಿನ ಹಾಗಾಯಿತು ಎಂಬ ಅವನ ಹೋಲಿಕೆಯನ್ನಂತೂ ನಾನು ಬಿಡಿಸಿ ಹೇಳುವ ಮೊದಲೇ ತಿಳಿದುಕೊಂಡಳು. ವ್ಯಾಪಾರಸ್ಥರ ಮಗಳು. ನಾನು ಕಲಿಸುತ್ತಿರುವುದು ಏನು ಎಂಬುದನ್ನೇ ಮರೆತು ಖುಷಿಪಟ್ಟೆ. ಮರೆತದ್ದು ಹೆಚ್ಚು ಹೊತ್ತಲ್ಲ.

ಕಪ್ಪು ಮಕ್ಕಳು, ಬಿಳಿ ಮಕ್ಕಳು ಕೈಕೈ ಹಿಡಿದು ನಡೆಯುವುದನ್ನು ಅವನು ಕನಸು ಕಾಣುವ ಸಾಲಿಗೆ ಬಂದಾಗ ಅವಳು ಹುಬ್ಬು ಗಂಟಿಕ್ಕಿದಳು. "ಇದೇನ ದೊಡ್ಡ ಮಾತರಿ? ಅಷ್ಟ ಮಂದಿ ಮುಂದ ನಿಂತು ಕೈ ಹಿಡಿಯೂದ ಕೇಳೂದ? ಮತ್ತೇನರ ದೊಡ್ಡದ ಕೇಳಬಾರದಾಗಿತ್ತೇನು?"

ನಾನು ಪರೀಕ್ಷೆಗೆ ಬೇಕಾದ ಉತ್ತರ ಕೊಟ್ಟೆ. ಅಲ್ಲಿ ಆಗ ಶಾಲೆ ಬೇರೆ, ಬಸ್ಸಿನಲ್ಲಿ ಕೂರುವ ಜಾಗ ಬೇರೆ, ನೀರು ಕುಡಿಯುವ ನಳ ಬೇರೆ ಎಂದೆ. ನಳ ಎನ್ನುವಾಗ ನನ್ನ ದನಿ ನಡುಗಿತು. ಕೆಮ್ಮಿದೆ.

"ನಮ್ಮಲ್ಲಿ ಹಂಗೇನಿಲ್ಲಲ್ರಿ?" ಎಂದಳು.

ಅವಳ ಕಣ್ಣಿನಲ್ಲಿ ಕಪಟವಿರಲಿಲ್ಲ. ನಿಜಕ್ಕೂ ಗೊತ್ತಿಲ್ಲದೆ ಕೇಳುತ್ತಿದ್ದಳು. ಒಳಗೆ ಹಿತ್ತಲ ಬಾಗಿಲ ಕಡೆ ಅವ್ವ ಕಾಲೆಳೆಯುತ್ತ ಓಡಾಡುವ ಸದ್ದು ಕೇಳಿಸಿತು. ನಡುಗೋಡೆಯ ಆಚೆ, ಮಾಲಕರ ಮನೆಯಲ್ಲಿ, ಈ ಹುಡುಗಿಯ ತಾಯಿ ಪಾತ್ರೆ ಜೋಡಿಸುತ್ತಿದ್ದರು. "ಇಲ್ಲ" ಎಂದೆ. ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಹತ್ತು ವರ್ಷ ಕಲಿಸಿದ್ದೇನೆ, ತಿಳಿದೂ ತಿಳಿದೂ ತಪ್ಪು ಉತ್ತರ ಬರೆಸಿದ್ದು ಅದೊಂದೇ ಸಲ.

ಸ್ವಲ್ಪ ಹೊತ್ತಿಗೆ ಹಿತ್ತಲ ಕಡೆಯಿಂದ ಕೂಗು ಬಂತು. "ಆಯೀ, ಹೆಪ್ಪಿಗಿ ಒಂಚೂರು ಮಸರ ಕೊಡ್ರಿ. ದೀಪ ಹಚ್ಚಿಂದ ಕೇಳಬಾರದಂತ ಓಡಿ ಬಂದೇನಿ." ಹುಡುಗಿಯ ತಾಯಿ, ಅವ್ವನನ್ನು ಕರೆಯುತ್ತಿದ್ದರು. ನಾನು ಏಳುವಷ್ಟರಲ್ಲಿ ಹಿತ್ತಲ ಬಾಗಿಲಿನ ಹತ್ತಿರವಿದ್ದ ಅವ್ವ ಮೊಸರಿನ ಗಡಿಗೆ ಹಿಡಿದು ಅವರೆದುರು ಹೋಗಿಬಿಟ್ಟಿದ್ದಳು. ದೀಪದ ಹೊತ್ತಾಯಿತೆಂಬ ಗಡಿಬಿಡಿ ಅವಳಿಗೂ. ನಾನೂ ಹುಡುಗಿಯೂ ನಡುವಿನ ಬಾಗಿಲಲ್ಲಿ ನಿಂತು ನೋಡಿದೆವು.

ಅವರು ಮೊಸರಿಗೆಂದು ತಂದ ಸ್ಟೀಲಿನ ವಾಟಿಯನ್ನು ಅವ್ವನತ್ತ ಚಾಚಿದರು. ಅವ್ವ ಅದನ್ನು ಕೈಯಿಂದ ತೆಗೆದುಕೊಳ್ಳಲಿಲ್ಲ. "ಕೆಳಗಿಡ್ರಿ ನಮ್ಮವ್ವಾ, ಹಾಕ್ತೇನಿ" ಎಂದಳು. ಅವರು ಏನೂ ತಿಳಿಯದೆ ವಾಟಿಯನ್ನು ಹೊಸ್ತಿಲ ಮೇಲಿಟ್ಟರು. ಅವ್ವ ಬಗ್ಗಿ, ಚಮಚ ವಾಟಿಗೆ ತಾಗದಂತೆ ಮೇಲಿನಿಂದ ಮೊಸರು ಬಿಟ್ಟಳು. ಆಮೇಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ನೋಯುವ ಕಾಲನ್ನು ಎಳೆಯುತ್ತ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಅಂಟಿ ನಿಂತಳು. ಅವರು ವಾಟಿ ಎತ್ತಿಕೊಳ್ಳಲಿ ಎಂದು ಜಾಗ ಬಿಟ್ಟುಕೊಟ್ಟದ್ದು. ಊರಿನಲ್ಲಿ ಮೇಲ್ಜಾತಿಯವರ ಎದುರು ಅವ್ವ ಅರವತ್ತು ವರ್ಷ ಮಾಡಿದ್ದು ಅದನ್ನೇ. ಅಣೆಕಟ್ಟಿನ ಹಿನ್ನೀರಿಗೆ ನಮ್ಮ ಹಳೆಯ ಊರು ಮುಳುಗಿ ಹೊಸ ಊರು ಕಟ್ಟಿದ ಮೇಲೂ ಅಷ್ಟೇ. ತನಗಿಂತ ಇಪ್ಪತ್ತು ವರ್ಷ ಚಿಕ್ಕವರನ್ನು ನಮ್ಮವ್ವಾ ಎಂದದ್ದೂ ಅವಳಿಗೆ ಗೊತ್ತಾಗಿರಲಿಲ್ಲ.

"ಅವ್ವ ಇವತ್ತ ಮಡೀಲೆ ಅದಾಳ್ರಿ" ಎಂದು ನಾನು ಬಾಯಿಗೆ ಬಂದದ್ದು ಹೇಳಿದೆ. ಮಡಿಯಲ್ಲಿರುವವರು ಹಾಗೆ ತಲೆ ತಗ್ಗಿಸಿ ಗೋಡೆಗೆ ಅಂಟಿ ನಿಲ್ಲುವುದಿಲ್ಲ. ಅದು ಆ ಹೆಂಗಸಿಗೂ ಗೊತ್ತಿತ್ತು. ಅವರು ಅವ್ವನನ್ನು ನೋಡಿದರು, ನನ್ನನ್ನು ನೋಡಿದರು. "ಆಮ್ಯಾಲ ಒಯ್ತೇನಿ" ಎಂದು ಮಗಳ ರಟ್ಟೆ ಹಿಡಿದು ಕರೆದುಕೊಂಡು ಹೋದರು. ವಾಟಿ ಹೊಸ್ತಿಲ ಮೇಲೆಯೇ ಉಳಿಯಿತು.

ಮರುದಿನವೂ ಅಲ್ಲೇ ಇತ್ತು. ಮೊಸರಿಗೆ ಇರುವೆ ಹತ್ತಿದ್ದವು. "ತೊಳದ ಕೊಡ್ಲೇನು, ಹಂಗ ಬಿಡ್ಲೇನು?" ಎಂದು ಅವ್ವ ಕೇಳಿದಳು. ನನಗೆ ಸಿಟ್ಟು ತಡೆಯಲಾಗಲಿಲ್ಲ. "ನಿನಗ ಹೊರಗ ಬಾ ಅಂತ ಯಾರ ಹೇಳಿದ್ರು? ಎರಡ ಮಾತ ನೆನಪಿಡಾಕ ಆಗೂದಿಲ್ಲೇನು?" ಎಂದು ಆಪರೇಷನ್ ಆದ ಮುದುಕಿಯ ಮೇಲೆ ಕೂಗಿದೆ. ಅವ್ವ ಸೆರಗಿನ ತುದಿ ತಿರುವುತ್ತ ಕೂತಳು. ನಾನು ಹೆದರಿದ್ದೆ, ಹೆದರಿದವರಿಗೆ ಕೈಗೆ ಸಿಗುವವರು ಮನೆಯವರೇ. ಇವತ್ತಿಗೂ ನೆನೆದರೆ ನಾಚಿಕೆಯಾಗುತ್ತದೆ.

ಎಂಟು ದಿನ ಹುಡುಗಿ ಬರಲಿಲ್ಲ. ಬೆಳಿಗ್ಗೆ ಎದ್ದು ಮೊದಲು ನಳ ತಿರುವಿ ನೋಡುತ್ತಿದ್ದೆ. ನೀರು ಬಂದರೆ ಅರ್ಧ ಜೀವ ಬರುತ್ತಿತ್ತು. ಶಾಲೆಯಿಂದ ಬರುವಾಗ ನಮ್ಮ ಪಾತ್ರೆ-ಹಾಸಿಗೆಗಳನ್ನು ಬೀದಿಗೆ ಹಾಕಿದ್ದಾರೋ ಏನೋ ಎಂದು ಓಣಿಯ ತಿರುವಿನಲ್ಲಿ ನನ್ನ ಕಾಲು ತಾವಾಗಿ ನಿಧಾನವಾಗುತ್ತಿದ್ದವು. ಹಾಕಿರಲಿಲ್ಲ. ಯಾರೂ ಏನೂ ಅನ್ನಲಿಲ್ಲ. ಬೈದಿದ್ದರೆ ಬೈಗುಳ ಕೇಳಿ ಮುಗಿಸಬಹುದಿತ್ತು, ಈ ಸುಮ್ಮನಿರುವಿಕೆಯಲ್ಲಿ ನಾನು ಒಣಗಿಹೋದೆ.

ಒಂಬತ್ತನೆಯ ದಿನ ಹುಡುಗಿಯ ತಾಯಿ ಬಂದರು, ಅಂಗಳದಲ್ಲೇ ನಿಂತರು. "ಮನಿಗಿ ಬಣ್ಣ ಹಚ್ಚಸಬೇಕಂತ ಮಾಡೇವ್ರಿ ಅಕ್ಕೋರ. ಮುಂದಿನ ತಿಂಗಳದಾಗ ಖಾಲಿ ಮಾಡಿಕೊಡ್ರಿ." ನಾನು ಗೋಡೆ ನೋಡಿದೆ. ಹೊಸ ಬಣ್ಣ. ಅವರೂ ನೋಡಿದರು. ಅವರ ಕಣ್ಣು ತುಂಬಿದವು. "ನನಗೇನಿಲ್ರಿ, ಖರೆ ಹೇಳ್ತೇನಿ. ಆಜೂಬಾಜೂ ಮಂದಿ, ಇವಳ ಮದವಿ... ನೀವ ತಿಳಕೋರಿ." ಅವರೂ ಹೆದರಿದ್ದರು. ಅದು ನನಗೆ ಅರ್ಥವಾಯಿತು, ಆದರೆ ಅರ್ಥವಾದದ್ದರಿಂದ ಅವ್ವನಿಗೆ ಮನೆ ಸಿಗುವುದಿಲ್ಲ. "ಆತ್ರಿ" ಎಂದೆ.

ಎರಡು ದಿನ ಬಿಟ್ಟು, ತಾಯಿ ಸಂತೆಗೆ ಹೋದ ಹೊತ್ತು ನೋಡಿ ಹುಡುಗಿ ಬಂದಳು. ಪುಸ್ತಕ ಎದೆಗೆ ಒತ್ತಿ ಹಿಡಿದಿದ್ದಳು. ಕುಳಿತಳು. ಪುಟ ತೆರೆದಳು. ಪೆನ್ಸಿಲ್ ತೆಗೆಯಲಿಲ್ಲ. ನನ್ನ ಎದೆ ಢವಗುಟ್ಟುತ್ತಿತ್ತು. ಇನ್ನು ಕಳೆದುಕೊಳ್ಳುವುದು ಏನಿದೆ ಎಂದು ನನಗೆ ನಾನೇ ಬೈದುಕೊಂಡೆ, ಆದರೂ ನಿಲ್ಲಲಿಲ್ಲ. ನಾನೇ ಶುರು ಮಾಡಿದೆ. ನಾವು ಯಾರು, ನಮ್ಮ ಕೇರಿ ಎಲ್ಲಿದೆ, ಮುಧೋಳದಲ್ಲಿ ನೀರು ಹೇಗೆ ನಿಂತಿತು, ನಾನು ಯಾಕೆ ಅವತ್ತು ಅವಳ ತಾಯಿಯ ಎದುರು ನಕ್ಕೆ. ಅವಳ ನೋಟ್‌ಬುಕ್ಕಿನಲ್ಲಿ ನಾನು ಬರೆಸಿದ ಉತ್ತರ ತಪ್ಪು ಎಂದೂ ಹೇಳಿದೆ. ಮಕ್ಕಳಿಗೆ ಪಾಠ ಹೇಳುವ ದನಿಯಲ್ಲೇ ಹೇಳಿದೆ, ಬೇರೆ ದನಿ ನನ್ನ ಹತ್ತಿರ ಇರಲಿಲ್ಲ.

ಅವಳು ತಲೆ ತಗ್ಗಿಸಿಕೊಂಡೇ ಕೇಳಿಸಿಕೊಂಡಳು.

"ಇಷ್ಟ ದಿನಾ ಅಂಜಕೋತ ಇದ್ರೇನ್ರಿ ಅಕ್ಕೋರ?"

"ಹೂಂ."

"ನಮ್ಮವ್ವಗ?"

"ಹೂಂ."

ಅವಳು ತಲೆಯೆತ್ತಿ ನನ್ನ ಮುಖವನ್ನೇ ನೋಡುತ್ತ ಕೇಳಿದಳು, "ನನಗೂ ಅಂಜತಿದ್ರಿ?"

ಇನ್ನೊಮ್ಮೆ ಸುಳ್ಳು ಹೇಳುವ ಮನಸ್ಸಾಯಿತು. ಹೇಳಲಿಲ್ಲ.

"ನಿನಗ ಎಲ್ಲಾರಕಿಂತ ಹೆಚ್ಚ ಅಂಜತಿದ್ನಿ."