ಆಯಿಯ ಕೆಂಪು ಸಮುದ್ರ

ನಮ್ಮಮ್ಮ, ಆಯಿ, ತೀರಿಹೋದ ಮೇಲೆ, ನದಿ ಸಮುದ್ರ ಸೇರುವ ನಮ್ಮೂರು ಮಂಜಗುಣಿಯ ದಡದಲ್ಲಿ ಕುಳಿತರೆ ನದಿ ಯಾವುದು, ಸಮುದ್ರ ಯಾವುದು ಎಂದು ನನಗೆ ತಿಳಿಯುವುದಿಲ್ಲ. ಎಲ್ಲ ಒಂದೇ ಬೆಳಕಾಗಿ ಕಾಣುತ್ತದೆ.

ನನ್ನ ತಮ್ಮ ಸರಕು ಹಡಗಿನಲ್ಲಿ ಅಡುಗೆಯವನು. ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಕ್ಷಿಪಣಿಗಳು ಬೀಳುತ್ತಿವೆ, ನಮ್ಮ ದೇಶವೂ ಆ ಕಡೆಗೆ ಯುದ್ಧನೌಕೆ ಕಳಿಸಿದೆ ಎಂದು ಟೀವಿ ಹೇಳಿದಾಗ ಅವನು ಆ ದಾರಿಯಲ್ಲೇ ಬರುವವನಿದ್ದ. ಕಿವಿ ಮಂದವಾಗಿದ್ದ ಆಯಿಗೆ ಕೆಂಪು ಸಮುದ್ರ, ಯುದ್ಧನೌಕೆ ಎಂಬುದಷ್ಟೇ ಕೇಳಿಸಿತ್ತು. ಮಳೆಗಾಲ ಕಳೆದ ಮೇಲೆ ನಮ್ಮಲ್ಲೂ ಒಮ್ಮೊಮ್ಮೆ ನೀರು ಕೆಂಪಾಗಿ ಮೀನು ದೂರ ಹೋಗುತ್ತದೆ. ಅವಳು ಅದೇ ಅಂದುಕೊಂಡಳು.

"ಅದಕ್ಕೆ ಯುದ್ಧದ ಹಡಗು ಯಾಕೆ? ನಾಕು ದಿನಕ್ಕೆ ನೀರು ತಾನೇ ತಿಳಿ ಆಗ್ತದೆ. ದಿಲ್ಲಿಯವರಿಗೆ ಸಮುದ್ರ ಎಲ್ಲಿ ಗೊತ್ತು!" ಎಂದು ನಕ್ಕಳು.

"ಹೌದು ಆಯಿ" ಎಂದೆ. ತಿದ್ದಲು ಮನಸ್ಸಾಗಲಿಲ್ಲ.

ತಮ್ಮನ ಹಡಗು ಆ ದಾರಿ ಬಿಟ್ಟು ಆಫ್ರಿಕಾವನ್ನು ಸುತ್ತಿಕೊಂಡು ಬಂತು. ಅವನು ಮನೆ ಮುಟ್ಟುವಾಗ ಆಯಿಯ ಹನ್ನೆರಡನೆಯ ದಿನ ಕಳೆದಿತ್ತು.

"ನನ್ನ ಚಿಂತೆಯಲ್ಲೇ ಹೋದ್ಳಾ ಅಕ್ಕಾ?" ಎಂದು ಕೇಳಿದ.

"ಇಲ್ಲ. ನೀ ಬರ್ತೀ ಅಂತ ಬಂಗಡೆ ಒಣಗಿಸಿ ಇಟ್ಟಿದ್ದಾಳೆ" ಎಂದೆ.

ಅವತ್ತು ಆ ಒಣಮೀನನ್ನೇ ಸುಟ್ಟು ಬಡಿಸಿದೆ. ಅವನು ಎರಡು ಸಲ ಅನ್ನ ಹಾಕಿಸಿಕೊಂಡ.