ಛತ್ರಿಯ ಕೀಲಿಗೊಂದು ಎಕ್ಸ್‌ರೇ ಪಟ್ಟಿ

ಬೆಳಗಿನ ಐದೂಮುಕ್ಕಾಲು. ಛತ್ರಿ ಕಾರ್ಖಾನೆಯ ಶಟರ್ ಅರ್ಧಕ್ಕೆ ಮಾತ್ರ ಎದ್ದಿದೆ. ಒಳಗೆ ಹೋಗಬೇಕಾದರೆ ಸೊಂಟ ಬಗ್ಗಿಸಬೇಕು. ಪೇಪರಿಗೆ ಬರೆಯಲೆಂದು ಬಂದ ನಾನು ಬಗ್ಗಿ ಒಳಹೊಕ್ಕು ತಲೆ ಎತ್ತುವಷ್ಟರಲ್ಲಿ, ನಾನು ಕಾಣಬೇಕಿದ್ದ ಹೆಂಗಸು ಮೇಜಿನಿಂದ ಎದ್ದು ಕಿಟಕಿ ತೆರೆದು, ವಾಪಸು ಬಂದು ಕುಳಿತು, ಮತ್ತೆ ಎದ್ದು ಬಲ್ಬಿನ ವೈರನ್ನು ಹತ್ತಿರಕ್ಕೆ ಎಳೆದುಕೊಂಡಾಗಿದೆ. ನನಗೆ ಕೂರಿ ಎನ್ನುತ್ತಾರೆ. ತಾವು ಮಾತ್ರ ಕೂರುವುದಿಲ್ಲ. ಈ ಶೆಡ್ಡಿನಲ್ಲಿ ಎಲ್ಲರೂ ಅವರನ್ನು ಕರೆಯುವುದು ಚಡಪಡಕ್ಕ ಎಂದು.

“ಯಾರಿಟ್ರೋ ಆ ಹೆಸ್ರು! ನಾನೇನು ಚಡಪಡಿಸ್ತೀನಾ ಮೇಡಂ?” ಎಂದು ಕೇಳುವಾಗಲೂ ಅವರ ಎಡಗಾಲು ನೆಲ ಕುಟ್ಟುತ್ತಲೇ ಇದೆ. ಇಲ್ಲ ಬಿಡಿ ಎಂದೆ. ಬೆಳ್ಳಂಬೆಳಗ್ಗೆ ಸುತ್ತಿಗೆ ಹಿಡಿದಿರುವವರ ಜೊತೆ ವಾದ ಯಾಕೆ?

ಕೊನೆಗೂ ಕೂತರು. ಮುಂದೆ ಒಂದು ಕಬ್ಬಿಣದ ತುಂಡು, ಅದರ ಮೇಲೆ ಬಟ್ಟೆಯಿಲ್ಲದ ಛತ್ರಿಯ ಫ್ರೇಮು. ಛತ್ರಿಗೆ ಎಂಟು ಉದ್ದ ಕಡ್ಡಿ. ಒಂದೊಂದನ್ನೂ ಒಳಗಿನಿಂದ ಎತ್ತಿಹಿಡಿಯುವುದಕ್ಕೆ ಒಂದೊಂದು ಗಿಡ್ಡ ಕಡ್ಡಿ. ಇವೆರಡೂ ಸೇರುವ ಕಡೆ ಒಂದು ಕೀಲು. ಆ ಕೀಲಿಗೆ ಅಕ್ಕಿಕಾಳಿಗಿಂತ ಸಣ್ಣ ರಿವೆಟ್. ತೂತಿನಲ್ಲಿ ರಿವೆಟ್ ತೂರಿಸಿ, ಹೊರಗೆ ಇಣುಕುವ ತುದಿಯನ್ನು ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡುವುದೇ ಚಡಪಡಕ್ಕನ ಕೆಲಸ. ಒಂದು ಛತ್ರಿಗೆ ಎಂಟು, ದಿನಕ್ಕೆ ನೂರಹತ್ತು ಛತ್ರಿ, ಇಪ್ಪತ್ತೆರಡು ವರ್ಷ. ನಾನು ಅಲ್ಲೇ ಲೆಕ್ಕ ಹಾಕಿ, ಹತ್ತಿರ ಹತ್ತಿರ ಐವತ್ತೆಂಟು ಲಕ್ಷ ರಿವೆಟ್ ಆಯಿತು ಎಂದು ಹೇಳಿದೆ.

“ಅಯ್ಯೋ ನಿಮ್ಮ! ಅಷ್ಟಾ? ಅದಕ್ಕೇ ಮತ್ತೆ ಈ ಭುಜ ಹಿಂಗೆ ಸೆಳೆಯೋದು,” ಎಂದು ನಕ್ಕು ಮುಂದಿನ ರಿವೆಟ್ ಎತ್ತಿಕೊಂಡರು.

ಕೇಳುವುದಕ್ಕೆ ಸುಲಭ. ಆದರೆ ಒಂದು ಏಟು ಹೆಚ್ಚಾಯಿತೋ, ಕೀಲು ಬಿಗಿದುಕೊಂಡು ಛತ್ರಿ ಬಿಚ್ಚುವುದೇ ಇಲ್ಲ. ಬಲವಂತ ಮಾಡಿದರೆ ಕಡ್ಡಿ ಬಾಗುತ್ತದೆ. ಒಂದು ಏಟು ಕಡಿಮೆಯಾಯಿತೋ, ಕೀಲು ಲೊಡಲೊಡ, ಗಾಳಿ ಬಂದರೆ ಛತ್ರಿ ತಲೆಕೆಳಗು. ಎಷ್ಟೇ ಪಳಗಿದ ಕೈಯಾದರೂ ನೂರಕ್ಕೆ ಹದಿನೈದು ಫ್ರೇಮು ಬಿಗಿಯಾಗಿಯೇ ಬೀಳುತ್ತಿದ್ದವು. ಅವೆಲ್ಲ ಶೆಡ್ಡಿನ ಮೂಲೆಯ ಸಡಿಲಿಸುವ ಮೇಜಿಗೆ ಹೋಗುತ್ತವೆ. ಅಲ್ಲಿ ಮೂವರು ಹೆಂಗಸರು ಇಕ್ಕಳ, ಎಣ್ಣೆ ಇಟ್ಟುಕೊಂಡು ಒಂದೊಂದೇ ಕೀಲನ್ನು ಅಲುಗಾಡಿಸಿ ದಾರಿಗೆ ತರುತ್ತಾರೆ. ಹಾಗೆ ಬಿಟ್ಟ ಎಣ್ಣೆ ಆಮೇಲೆ ಬಟ್ಟೆಗೆ ಇಳಿದು ಕಲೆಯಾಗುತ್ತದೆ. ಕಳೆದ ವರ್ಷ ಒಂದು ಇಡೀ ಲೋಡು ಕಲೆಯ ಛತ್ರಿ ವಾಪಸು ಬಂದಾಗ ಯಜಮಾನರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹಿಗ್ಗಾಮುಗ್ಗಾ ಬೈದರಂತೆ.

“ಬೈಸ್ಕೊಂಡಿದ್ದಕ್ಕಲ್ಲ ಮೇಡಂ. ನಾನು ಹೊಡೆದಿದ್ದನ್ನ ಇನ್ನೊಬ್ರು ಕೂತ್ಕೊಂಡು ಬಿಡಿಸ್ಬೇಕಲ್ಲ, ಅದು ನಂಗೆ ಸರಿಬರ್ತಿರ್ಲಿಲ್ಲ. ಮೊದ್ಲೇ ಸರಿಯಾಗಿ ಹೊಡ್ಯೋಕೇನು ರೋಗ?”

ಎರಡು ಕಡ್ಡಿಗಳ ನಡುವೆ ಕೂದಲೆಳೆಯಷ್ಟು ಜಾಗ ಉಳಿಯಬೇಕು, ಇಷ್ಟೇ ತಾನೇ. ಹಾಗಾದರೆ ಹೊಡೆಯುವಾಗ ಅಲ್ಲಿ ಏನಾದರೂ ತೆಳ್ಳಗಿನದು ಇಟ್ಟು, ಆಮೇಲೆ ಎಳೆದುಬಿಟ್ಟರೆ? ಮೊದಲು ಬಸ್ ಟಿಕೆಟ್ ಇಟ್ಟು ನೋಡಿದರು. ಅದು ಹರಿದು ಚೂರು ಒಳಗೇ ಕೂತುಬಿಟ್ಟಿತು. ಹಾಲಿನ ಪ್ಯಾಕೆಟ್ ಕತ್ತರಿಸಿ ಇಟ್ಟರೆ ಅದು ಎಳೆದಷ್ಟೂ ಉದ್ದವಾಗುತ್ತದೆ, ಹೊರಗೆ ಬರುವುದಿಲ್ಲ. ಕಡೆಗೆ ಕಣ್ಣಿಗೆ ಬಿದ್ದದ್ದು ಮನೆಯ ಗೋಡೆಗೆ ತೂಗುಹಾಕಿದ್ದ ದೊಡ್ಡ ಲಕೋಟೆ. ಬಾಗಿಲು ಕಿಟಕಿಗಳಿಗೆ ಬಣ್ಣ ಹೊಡೆಯುವ ಅವರ ಗಂಡ ಹೋದ ವರ್ಷ ಕೆಮ್ಮು ಎಂದು ಎದೆಯ ಎಕ್ಸ್‌ರೇ ತೆಗೆಸಿದ್ದರು. ಡಾಕ್ಟರು ಏನೂ ಇಲ್ಲ ಎಂದಿದ್ದರು. ಏನೂ ಇಲ್ಲದ ಮೇಲೆ ಇಟ್ಟುಕೊಂಡು ಮಾಡುವುದೇನು ಎಂದು ಚಡಪಡಕ್ಕ ಕತ್ತರಿ ತೆಗೆದುಕೊಂಡರು.

ಕಿರುಬೆರಳಿನಗಲದ ಪಟ್ಟಿ, ತುದಿಯಲ್ಲಿ ರಿವೆಟ್ ಹಿಡಿಸುವಷ್ಟು ಸೀಳು. ಅದನ್ನು ಎರಡು ಕಡ್ಡಿಗಳ ನಡುವೆ ತೂರಿಸಿ, ರಿವೆಟ್ ಹೊಡೆದು, ಸರಕ್ಕನೆ ಎಳೆದರೆ ಕೀಲು ಹಗುರಾಗಿ ಆಡುತ್ತದೆ. ನನ್ನ ಕೈಗೂ ಕೊಟ್ಟರು. ನಾನು ಆಡಿಸಿದೆ, ಇನ್ನೊಮ್ಮೆ ಆಡಿಸಿದೆ, ನಿಲ್ಲಿಸಲು ಮನಸ್ಸಾಗದೆ ಆಡಿಸುತ್ತಲೇ ಇದ್ದೆ. ಅವರು ಕೈಯಿಂದ ಕಿತ್ತುಕೊಂಡರು.

ಮೊದಲ ದಿನದ ಎಡವಟ್ಟನ್ನೂ ಅವರೇ ಹೇಳುತ್ತಾರೆ. ಹೊಡೆಯುವ ಹುಮ್ಮಸ್ಸಿನಲ್ಲಿ ಒಂದು ಡಜನ್ ಫ್ರೇಮಿನಲ್ಲಿ ಪಟ್ಟಿ ಎಳೆಯುವುದನ್ನೇ ಮರೆತರಂತೆ. ಅವಕ್ಕೆ ಬಟ್ಟೆಯೂ ಹೊಲಿದಾಯಿತು. ಪ್ಯಾಕಿಂಗಿನವರು ಬಿಚ್ಚಿ ನೋಡಿದರೆ ಛತ್ರಿಯೊಳಗೆ ಮನುಷ್ಯನ ಮೂಳೆ! “ನಮ್ಮನೆಯೋರಿಗೆ ಗೊತ್ತಾಗಿ, ನನ್ನ ಎದೆನ ಊರಿಗೆಲ್ಲ ಹಂಚಿಬಿಟ್ಳು ಅಂತ ಒಂದು ವಾರ ಹೇಳ್ಕೊಂಡು ತಿರುಗಿದ್ರು.”

ಇಲ್ಲಿಯವರೆಗೆ ನಗುತ್ತಿದ್ದ ಮುಖ ಥಟ್ಟನೆ ಬಾಡುತ್ತದೆ. ಎಂಟು ಗಂಟೆಗೆ ಶಟರ್ ಪೂರ್ತಿ ಮೇಲೆದ್ದು ಉಳಿದವರೆಲ್ಲ ಒಳಗೆ ಬರುತ್ತಿದ್ದಾರೆ. ಬೂದು ಸೀರೆಯ, ನರೆತ ಕೂದಲಿನ ಒಬ್ಬರು ಈ ಕಡೆ ತಿರುಗಿಯೂ ನೋಡದೆ ನೆಟ್ಟಗೆ ಮೂಲೆಗೆ ಹೋಗಿ ಇಕ್ಕಳ ಒರೆಸತೊಡಗುತ್ತಾರೆ. “ನಮ್ಮಕ್ಕ,” ಎನ್ನುತ್ತಾರೆ ಚಡಪಡಕ್ಕ, ಸಣ್ಣ ದನಿಯಲ್ಲಿ. “ಹನ್ನೊಂದು ದಿನ ಆಯ್ತು ಮಾತು ಬಿಟ್ಟು.”

ಅಕ್ಕನಿಗೆ ಅರವತ್ತು. ತಂಗಿಯನ್ನು ಈ ಶೆಡ್ಡಿಗೆ ಕರೆತಂದವರು, ಸುತ್ತಿಗೆ ಹಿಡಿಯುವುದನ್ನು ಕಲಿಸಿದವರು ಅವರೇ. ಭುಜ ಸೋತ ಮೇಲೆ ಸಡಿಲಿಸುವ ಮೇಜಿಗೆ ಹೋದರು. ಮದುವೆಯಾಗಲಿಲ್ಲ, ತಂಗಿಯ ಮನೆಯಲ್ಲೇ ಇದ್ದಾರೆ. ಪಟ್ಟಿಯ ವಿಷಯ ಹೇಳಿದಾಗ ಯಜಮಾನರು ಖುಷಿಯಿಂದ ಚಪ್ಪಾಳೆ ತಟ್ಟಿದರು. ಮರುಕ್ಷಣವೇ, ಕೀಲು ಬಿಗಿಯದೇ ಇದ್ದರೆ ಸಡಿಲಿಸುವ ಮೇಜು ಯಾಕೆ ಎಂದರು. ಇವತ್ತು ನಾಲ್ವರು ರಿವೆಟ್ ಹೆಂಗಸರೂ ಪಟ್ಟಿ ಇಟ್ಟೇ ಹೊಡೆಯಬೇಕು, ಸಂಜೆ ನಾಲ್ಕಕ್ಕೆ ಎಣಿಕೆ. ನೂರಕ್ಕೆ ಐದಕ್ಕಿಂತ ಕಡಿಮೆ ಫ್ರೇಮು ಬಿಗಿಯಾದರೆ ಮೂಲೆಯ ಮೇಜು ಎತ್ತಿಸಿಬಿಡುತ್ತಾರೆ. ಅರವತ್ತಾದವರಿಗೆ ಇನ್ನೆಲ್ಲಿ ಕೆಲಸ ಸಿಗುತ್ತದೆ?

“ಅವಳ ಬೆರಳು ನೋಯೋದು ತಪ್ಪಲಿ ಅಂತಾನೂ ಮಾಡ್ದೆ ಮೇಡಂ. ಈಗ ನೋಡಿದ್ರೆ ಅವಳ ಅನ್ನಕ್ಕೇ ಕಲ್ಲು ಹಾಕ್ದಂಗಾಯ್ತು. ಮನೇಲಿ ಅಡುಗೆ ಒಂದೇ, ಮಾತಿಲ್ಲ. ‘ಉಪ್ಪು ಕಮ್ಮಿ ಅಂತ ಅವಳಿಗೆ ಹೇಳಿ’ ಅಂತ ನಮ್ಮನೆಯೋರಿಗೆ ಹೇಳ್ತಾಳೆ. ನಾನು ಅಲ್ಲೇ ಪಕ್ಕದಲ್ಲೇ ಕೂತಿರ್ತೀನಿ!”

ಹತ್ತು ಗಂಟೆಗೆ ಶೆಡ್ಡಿನಲ್ಲಿ ನಾಲ್ಕು ಸುತ್ತಿಗೆಗಳ ಟಕಟಕ. ನನಗೆ ಕಿವಿ ಗುಂಯ್ ಎನ್ನುತ್ತಿದೆ. ಚಡಪಡಕ್ಕ ಹತ್ತು ಫ್ರೇಮಿಗೊಮ್ಮೆ ಎದ್ದು ನೀರು ಕುಡಿಯುತ್ತಾರೆ, ಗಡಿಯಾರ ನೋಡುತ್ತಾರೆ, ಮೂಲೆ ನೋಡುತ್ತಾರೆ. ಮೂಲೆಯ ಮೂವರಿಗೆ ಮಾಡಲು ಕೆಲಸವೇ ಇಲ್ಲ. ಅಕ್ಕ ಒರೆಸಿದ ಇಕ್ಕಳವನ್ನೇ ಒರೆಸುತ್ತಿದ್ದಾರೆ.

ಮಧ್ಯಾಹ್ನ ಚಹಾ ಕುಡಿಯುವಾಗ ಚಡಪಡಕ್ಕ ನನ್ನ ಪಕ್ಕ ಬಂದು ನಿಂತರು. “ಒಂದು ಹೇಳ್ತೀನಿ, ಬೇಕಾದ್ರೆ ಬರ್ಕೊಳ್ಳಿ. ಬೆಳಗ್ಗೆ ಬೇಕಂತ್ಲೇ ಒಂದಷ್ಟು ಜೋರಾಗಿ ಹೊಡೆದುಬಿಡೋಣ ಅನ್ನಿಸ್ತು. ಇಪ್ಪತ್ತು ಫ್ರೇಮು ಬಿಗಿ ಮಾಡಿದ್ರೆ ಸಾಕು, ಮೇಜು ಉಳಿಯುತ್ತೆ. ಯಾರಿಗೂ ಗೊತ್ತಾಗಲ್ಲ. ಒಂದಕ್ಕೆ ಸುತ್ತಿಗೆ ಎತ್ತಿದೆ. ಆಗಲಿಲ್ಲ ಮೇಡಂ. ಕೈ ಬರಲೇ ಇಲ್ಲ.” ಲೋಟ ಕೆಳಗಿಟ್ಟು, ಅದರಲ್ಲಿ ಇನ್ನೂ ಅರ್ಧ ಚಹಾ ಇರುವಾಗಲೇ, ಮೇಜಿನತ್ತ ಹೊರಟುಹೋದರು.

ಬೆಳಕು ಹರಿಯುವ ಮೊದಲೇ ಬರುವುದೇಕೆ ಎಂದು ಕೇಳಬೇಕೆಂದಿದ್ದೆ. ಉತ್ತರ ನಾಲ್ಕು ಗಂಟೆಗೆ ತಾನಾಗಿ ಸಿಕ್ಕಿತು. ಯಜಮಾನರು ತಾವೇ ನಿಂತು ಎಣಿಸಿದರು: ಮುನ್ನೂರ ಇಪ್ಪತ್ತು ಫ್ರೇಮಿನಲ್ಲಿ ಬಿಗಿಯಾದದ್ದು ಏಳು. “ಭೇಷ್!” ಎಂದು ಮೂಲೆಯ ಕಡೆ ತಿರುಗಿ, ನಾಳೆಯಿಂದ ಮೇಜು ಬೇಡ ಎನ್ನುವುದಕ್ಕೆ ಬಾಯಿ ತೆರೆದರು.

“ಸ್ವಲ್ಪ ತಡೀರಿ ಯಜಮಾನ್ರೇ. ನೀವು ಬಿಗಿಯಾಗಿದ್ದಷ್ಟೇ ಎಣಿಸಿದ್ರಿ. ಒಟ್ಟು ಎಷ್ಟಾಯ್ತು ಅಂತ ನೋಡಿದ್ರಾ?” ಚಡಪಡಕ್ಕನ ಮಾತು ನಿಲ್ಲುವುದಿಲ್ಲ. “ದಿನಾ ನಾಲ್ಕು ಜನ ನಾನೂರ ನಲವತ್ತು ಹೊಡೀತಿದ್ವಿ. ಇವತ್ತು ಮುನ್ನೂರಿಪ್ಪತ್ತು. ಯಾಕೆ? ಫ್ರೇಮು ಹಿಡೀಬೇಕು, ಪಟ್ಟಿ ಹಿಡೀಬೇಕು, ಸುತ್ತಿಗೆ ಹಿಡೀಬೇಕು. ದೇವರು ಕೊಟ್ಟಿರೋದು ಎರಡೇ ಕೈ.”

“ಮತ್ತೆ ಏನು ಮಾಡೋಣ ಅಂತೀಯಮ್ಮಾ?”

“ಎದುರಿಗೆ ಒಬ್ರು ಕೂತು ಪಟ್ಟಿ ಎಳೀಬೇಕು. ಸುಮ್ನೆ ಎಳೆಯೋದಲ್ಲ, ನಾನು ಹೊಡೀತಿರುವಾಗ ಮೆಲ್ಲಗೆ ಎಳೀತಾನೇ ಇರ್ಬೇಕು. ಬಿಗಿ ಹಿಡಿಯೋಕೆ ಶುರುವಾಯ್ತು ಅಂತ ಎಳೆಯೋ ಬೆರಳಿಗೇ ಮೊದ್ಲು ಗೊತ್ತಾಗೋದು. ‘ಸಾಕು’ ಅಂದ್ರೆ ನಾನು ನಿಲ್ಲಿಸ್ತೀನಿ. ಈ ವಾರವೆಲ್ಲ ಬೆಳಗ್ಗೆ ಬೇಗ ಬಂದು, ಪಟ್ಟಿಗೆ ದಾರ ಕಟ್ಟಿ ಕಾಲಲ್ಲಿ ಎಳೆದು ನೋಡ್ಕೊಂಡಿದೀನಿ. ಕಾಲಲ್ಲೇ ಎಳೆದ್ರೂ ಗಂಟೆಗೆ ನಾಲ್ಕು ಫ್ರೇಮು ಜಾಸ್ತಿ ಬರುತ್ತೆ. ಕೈಯಲ್ಲಿ ಎಳೆದ್ರೆ ಒಬ್ಬೊಬ್ರಿಗೂ ದಿನಕ್ಕೆ ನೂರೈವತ್ತು ಆಗ್ಬೇಕು. ಕೀಲಿನ ಬಿಗಿ ಬೆರಳಲ್ಲಿ ತಿಳಿಯೋರು ಈ ಶೆಡ್ಡಲ್ಲಿ ಮೂರೇ ಜನ ಇರೋದು. ಅವ್ರನ್ನೇ ಮನೆಗೆ ಕಳಿಸ್ತೀನಿ ಅಂತೀರಲ್ಲ!”

ಯಜಮಾನರು ಗಡ್ಡ ಕೆರೆದುಕೊಂಡರು. “ಬಾಯಲ್ಲಿ ಹೇಳಿದ್ರೆ ಆಯ್ತಾ? ಮಾಡಿ ತೋರ್ಸು,” ಎಂದರು.

ತೋರಿಸುವುದು ಹೇಗೆ? ಎದುರಿಗೆ ಕೂರುವವರು ಬೇಕಲ್ಲ. ಚಡಪಡಕ್ಕ ತಮ್ಮ ಮೇಜಿನ ಆಚೆ ಬದಿಗೆ ಒಂದು ಸ್ಟೂಲು ಎಳೆದಿಟ್ಟರು. ಬಾ ಎನ್ನಲಿಲ್ಲ. ಮೂಲೆಯ ಕಡೆ ನೋಡುವ ಧೈರ್ಯವೂ ಇರಲಿಲ್ಲವೇನೋ, ರಿವೆಟ್ ಡಬ್ಬಿಯನ್ನೇ ನೋಡುತ್ತ ನಿಂತರು. ಬೆಳಗಿನಿಂದ ಒಂದು ನಿಮಿಷ ಸುಮ್ಮನಿರದ ಆ ಕಾಲು ಆಗ ಮಾತ್ರ ಅಲುಗದೆ ನಿಂತಿತ್ತು. ನಾನಂತೂ ಪೆನ್ನಿನ ಮುಚ್ಚಳ ಕಚ್ಚಿ ಒಡೆದೇಬಿಟ್ಟೆ.

ಅಕ್ಕ ಎದ್ದರು. ಇಕ್ಕಳವನ್ನು ಮೇಜಿನ ಮೇಲಿಟ್ಟು, ಕೈಯ ಎಣ್ಣೆಯನ್ನು ಚಿಂದಿ ಬಟ್ಟೆಗೆ ಒರೆಸಿಕೊಂಡು, ಸೆರಗು ಸಿಕ್ಕಿಸಿಕೊಂಡು ಬಂದು ಸ್ಟೂಲಿನ ಮೇಲೆ ಕೂತರು. ತಂಗಿಯ ಮುಖ ನೋಡಲಿಲ್ಲ. ಪಟ್ಟಿಯ ತುದಿ ಹಿಡಿದರು. ಮೊದಲ ಏಟು ಬಿತ್ತು, ಎರಡನೆಯದು ಬಿತ್ತು. “ಸಾಕು,” ಎಂದರು ಅಕ್ಕ, ಪಟ್ಟಿ ಸರಕ್ಕನೆ ಹೊರಬಂತು. ಮುಂದಿನ ಕೀಲು. ಮತ್ತೆ “ಸಾಕು.” ಎಂಟೂ ಕೀಲು ಮುಗಿಯಲು ಮೂರು ನಿಮಿಷವೂ ಹಿಡಿಯಲಿಲ್ಲ. ಯಜಮಾನರು ಫ್ರೇಮನ್ನು ಎತ್ತಿ ಬಿಚ್ಚಿದರು, ಮುಚ್ಚಿದರು, ಬಿಚ್ಚಿದರು. ಒಂದೂ ಕೀಲು ಕುಯ್ ಎನ್ನಲಿಲ್ಲ.

“ಒಂದು ತಿಂಗಳು ಹಿಂಗೇ ನಡೀಲಿ. ಆಮೇಲೆ ನೋಡೋಣ,” ಎಂದು ಹೇಳಿ ಯಜಮಾನರು ಒಳಗೆ ಹೋದರು. ಅಷ್ಟಕ್ಕೇ ಶೆಡ್ಡಿನಲ್ಲಿ ಗದ್ದಲವೋ ಗದ್ದಲ. ಮೂಲೆಯ ಉಳಿದಿಬ್ಬರು ತಮ್ಮ ಸ್ಟೂಲು ಎತ್ತಿಕೊಂಡು ಬಂದು ರಿವೆಟ್ ಮೇಜುಗಳ ಎದುರು ಜಾಗ ಹುಡುಕುತ್ತಿದ್ದಾರೆ. ನಿಮಗೆ ಏನು ಬೇಕು, ಪೇಪರಿನಲ್ಲಿ ಏನು ಬರೆಯಲಿ ಎಂದು ಚಡಪಡಕ್ಕನನ್ನು ಕೇಳಿದೆ. ಅವರು ಎರಡನೆಯ ಫ್ರೇಮನ್ನು ಆಗಲೇ ಎತ್ತಿಕೊಂಡಿದ್ದಾರೆ, ಸುತ್ತಿಗೆ ಬೀಸುವ ವೇಗ ಹೆಚ್ಚುತ್ತಲೇ ಇದೆ.

“ಏ ಮೆಲ್ಲಗೆ ಹೊಡಿಯೇ, ನನ್ನ ಬೆರಳಿದೆ ಇಲ್ಲಿ!” ಎಂದು ಗದರಿದರು ಅಕ್ಕ, ಹನ್ನೊಂದು ದಿನಗಳ ಮೇಲೆ ಮೊದಲ ಸಲ ತಂಗಿಯ ಮುಖವನ್ನೇ ನೋಡುತ್ತ.

ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದಿನ ರಿವೆಟ್ ತೂರಿಸಿದರು. “ಇಪ್ಪತ್ತೆರಡು ವರ್ಷದಲ್ಲಿ ನನ್ನ ಬೆರಳು ಬಿಟ್ರೆ ಇನ್ನೊಬ್ರ ಬೆರಳಿಗೆ ಹೊಡೆದಿಲ್ಲ ಕಣಕ್ಕಾ. ನೀನು ಹಿಡ್ಕೋ.”