ತೂಕದಕ್ಕನ ಭಾನುವಾರ

ಅಗ್ನಿಶಾಮಕ ಠಾಣೆಯವರೆಲ್ಲ ಅವಳನ್ನು ತೂಕದಕ್ಕ ಎಂದೇ ಕರೆಯುತ್ತಿದ್ದರು. ಒಂದು ಕಾಲದಲ್ಲಿ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ಕಿಟಕಿಯಾಚೆ ನೋಡುತ್ತಿದ್ದ ಹುಡುಗಿ. ಆಮೇಲೆ ನಮ್ಮ ಬೀದಿಯಲ್ಲಿಯೇ ತಾಯಿಯೊಂದಿಗೆ ವಾಸವಾಗಿದ್ದಳು. ಸಿಬ್ಬಂದಿಯ ಮೈಯಲ್ಲಿ ಕೊಬ್ಬೆಷ್ಟು, ಮಾಂಸಖಂಡವೆಷ್ಟು ಎಂದು ಅಳೆಯುವುದು ಠಾಣೆಯಲ್ಲಿ ಅವಳ ಕೆಲಸ. “ಮೇಷ್ಟ್ರೇ, ಊರವರ ಹೊಟ್ಟೆ ನೋಡಿ ನೋಡಿ ಸಾಕಾಗಿಹೋಯ್ತು” ಎನ್ನುತ್ತ ಸಂಜೆ ನಮ್ಮ ಮೆಟ್ಟಿಲ ಮೇಲೆ ಕುಸಿದು ಕೂರುತ್ತಿದ್ದಳು. ಈ ಸಂಗತಿಯನ್ನೂ ಅಲ್ಲಿಯೇ ಕುಳಿತು ಹೇಳಿದಳು.

ಅದೊಂದು ಶನಿವಾರ ಕೊನೆಗೆ ಬಂದವನು ಏಣಿ ಗಾಡಿಯ ಹಿರಿಯ. ಕೊಬ್ಬು ಶೇಕಡಾ ಇಪ್ಪತ್ತೈದನ್ನು ದಾಟಿದರೆ ಏಣಿ ಹತ್ತುವಂತಿಲ್ಲ, ಫೋನಿನ ಮುಂದೆ ಕೂರಬೇಕು. ಅವನಿಗೋ ಆ ಏಣಿಯೇ ಜೀವ.

“ಎರಡು ಕೆಜಿ ಇಳಿಸಿದೀನಿ, ನೋಡ್ತಿರು ಅಕ್ಕ” ಎಂದು ಬರಿಗಾಲಲ್ಲಿ ಯಂತ್ರದ ಲೋಹದ ತಟ್ಟೆಗಳ ಮೇಲೆ ನಿಂತು ಹಿಡಿಗಳನ್ನು ಹಿಡಿದ. ತೂಕವೇನೋ ಇಳಿದಿತ್ತು. ಕೊಬ್ಬು ಮಾತ್ರ ಇಪ್ಪತ್ತೊಂಬತ್ತು, ಹಿಂದಿನ ಸಲಕ್ಕಿಂತ ಹೆಚ್ಚು!

“ನಿನ್ನ ಯಂತ್ರಕ್ಕೆ ತಲೆ ಕೆಟ್ಟಿದೆ!”

ಅವಳು ಅವನ ಒಣಗಿದ ತುಟಿ ನೋಡಿದಳು. “ನೀರು ಕುಡಿದು ಎಷ್ಟು ಹೊತ್ತಾಯ್ತಣ್ಣ?”

“ನಿನ್ನೆಯಿಂದ ಹನಿ ಮುಟ್ಟಿಲ್ಲ. ಮಳೆಕೋಟು ಹಾಕ್ಕೊಂಡು ಓಡಿ ಬೆವರಿಳಿಸಿದೀನಿ.”

“ಅಯ್ಯೋ, ಇಳಿದಿರೋದು ನೀರು, ಕೊಬ್ಬಲ್ಲ!”

ಆ ಯಂತ್ರ ಮೈಯೊಳಗೆ ನಮಗೆ ತಿಳಿಯದಷ್ಟು ಸಣ್ಣ ವಿದ್ಯುತ್ತನ್ನು ಹರಿಸುತ್ತದೆ. ನೀರಿರುವಲ್ಲಿ ಅದು ಸಲೀಸಾಗಿ ಸಾಗುತ್ತದೆ, ಕೊಬ್ಬಿನಲ್ಲಿ ತಡವರಿಸುತ್ತದೆ. ಹೀಗಾಗಿ ಒಣಗಿದ ಮೈಯನ್ನೂ ಅದು ಕೊಬ್ಬೆಂದೇ ಲೆಕ್ಕ ಹಿಡಿಯುತ್ತದೆ.

“ಹಾಗಾದ್ರೆ ಈಗಲೇ ಒಂದು ಕೊಡ ಕುಡಿದುಬಿಡ್ತೀನಿ.”

“ಈಗ ಕುಡಿದ್ರೆ ಹೊಟ್ಟೆ ಗುಳುಗುಳು ಅನ್ನುತ್ತೆ, ಅಷ್ಟೇ. ಮೈಗೆ ಹತ್ತೋಕೆ ರಾತ್ರಿ ಕಳೀಬೇಕು.” ಅವಳು ನಿಟ್ಟುಸಿರು ಬಿಟ್ಟಳು. ಸೋಮವಾರ ಬೆಳಿಗ್ಗೆ ಎಲ್ಲರ ಅಳತೆ ಮೇಲಧಿಕಾರಿಯ ಕೈ ಸೇರಬೇಕಿತ್ತು. “ನಾಳೆ ಬನ್ನಿ. ಬಾಗಿಲು ತೆಗೀತೀನಿ.”

ವಾರಕ್ಕೊಂದೇ ರಜೆ ಅವಳಿಗೆ. ಮಂಡಿ ನೋವಿನ ತಾಯಿಗೆ ತಲೆ ತೊಳೆಯುವುದೂ ಅವತ್ತೇ.

ಭಾನುವಾರ ಬೆಳಿಗ್ಗೆ ಅವನು ಕಳೆಯೇರಿದ ಮುಖದಲ್ಲಿ ಬಂದ. ಒದ್ದೆ ಬಟ್ಟೆಯಿಂದ ಪಾದ ಒರೆಸಿಕೊಳ್ಳಲು ಹೇಳಿ ಯಂತ್ರದ ಮೇಲೆ ನಿಲ್ಲಿಸಿದಳು. ಇಪ್ಪತ್ತಾರು. ಇಳಿಸಿ ಮತ್ತೆ ಹತ್ತಿಸಿದಳು. ಇಪ್ಪತ್ತಾರೇ.

“ಬನಿಯನ್ ಬಿಚ್ಚಲಾ?”

“ಬನಿಯನ್ನಿಗೆ ಕೊಬ್ಬಿರಲ್ಲಣ್ಣ.”

ಇಬ್ಬರೂ ನಗಲು ಹೋಗಿ ನಗಲಾರದೆ ನಿಂತರು. ಅವನು ನಿಧಾನವಾಗಿ ಕಾಲುಚೀಲ ಹಾಕಿಕೊಂಡ.

“ನಿನ್ನೆಯದನ್ನೇ ಬರೆದಿದ್ರೆ ಸಾಯೋ ತನಕ ನಿನ್ನ ಬೈಕೊಂಡಿರ್ತಿದ್ದೆ. ಇವತ್ತಿಂದು ನಂದೇ. ಬರ್ಕೋ.”

ಬರೆದಳು. ಬೀಗ ಹಾಕಿ ಮನೆಗೆ ಬರುವಷ್ಟರಲ್ಲಿ ತಾಯಿ ಕೂದಲು ಬಿಚ್ಚಿಕೊಂಡು, ಹೆಗಲಿಗೆ ಟವೆಲು ಹಾಕಿಕೊಂಡು ಕಾದು ಕುಳಿತಿದ್ದರು.

“ರಜೆ ಕಳ್ಕೊಂಡಿದ್ದಕ್ಕೆ ಅವನಿಗೆ ಏಣಿಯಾದ್ರೂ ಉಳೀತೇನೇ?”

“ಇಲ್ಲಮ್ಮ. ತಲೆ ಬಗ್ಗಿಸು, ನೀರು ಆರ್ತಿದೆ.”